ಮಗ ರಗ್ಬಿ ಪ್ರಾಪ್ ಆಗ್ತಾನಂತೆ, ಕತ್ತು ಉಳಿಯುತ್ತಾ?

ಪ್ರಶ್ನೆ: ಸರ್, ನಾನು ಉಡುಪಿ ಕಡೆಯವಳು. 14 ವರ್ಷದಿಂದ ಡಬ್ಲಿನ್‌ನಲ್ಲಿ ನರ್ಸ್ ಆಗಿದ್ದೇನೆ. ಮಗನಿಗೆ ಈಗ 16. ಶಾಲೆಯ ರಗ್ಬಿ ಟೀಮಿನಲ್ಲಿ ಟೈಟ್‌ಹೆಡ್ ಪ್ರಾಪ್, ಅಂದರೆ ಮುಂದಿನ ಸಾಲಿನ ಬಲಗಡೆಯವನು. 98 ಕೆ.ಜಿ. ಇದ್ದಾನೆ. ಇನ್ನೂ 12 ಕೆ.ಜಿ. ಏರಿಸಿಕೊಂಡರೆ ಪ್ರಾಂತ್ಯದ ಅಕಾಡೆಮಿಯವರ ಕಣ್ಣಿಗೆ ಬೀಳಬಹುದು ಅಂತ ಕೋಚ್ ಹೇಳಿದ್ದಾರಂತೆ. ಅಂದಿನಿಂದ ಯಾವುದೋ ಪುಡಿ ಡಬ್ಬಗಟ್ಟಲೆ ಕುಡಿಯುತ್ತಿದ್ದಾನೆ. ಕಳೆದ ತಿಂಗಳು ಮ್ಯಾಚ್ ಮುಗಿಸಿ ಬಂದವನು, ಬಲಗೈ ಪೂರ್ತಿ ಜುಮ್ ಅಂದಿತ್ತು, ಹತ್ತು ನಿಮಿಷದಲ್ಲಿ ಸರಿಹೋಯಿತು ಅಂದ. ಕೋಚ್‌ಗೆ ಹೇಳಬೇಡ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡ. ಯಜಮಾನರು ಆಟ ಬಿಡಿಸಿಬಿಡೋಣ, ಶಾಲೆ ಮುಗಿಸುವ ಲೀವಿಂಗ್ ಸರ್ಟ್ ಪರೀಕ್ಷೆ ಹತ್ತಿರ ಬರುತ್ತಿದೆ ಅನ್ನುತ್ತಾರೆ. ಊರಿಂದ ಅತ್ತೆ ಫೋನ್ ಮಾಡಿದಾಗೆಲ್ಲ "ದಪ್ಪ ಇರೋ ಮಕ್ಕಳನ್ನ ಮುಂದೆ ನಿಲ್ಲಿಸಿ ಕತ್ತು ಮುರಿಸೋ ಆಟ ಅಂತೆ" ಅನ್ನುತ್ತಾರೆ. ಇವನಿಗೆ ಮಾತ್ರ ಐರ್ಲೆಂಡ್ ತಂಡದ ಪ್ರಾಪ್ ಟೈಗ್ ಫರ್ಲಾಂಗ್ ಆಗಬೇಕು. ಎರಡೂ ಟೀಮಿನವರು ತಲೆ ಬಗ್ಗಿಸಿ ಚೆಂಡಿಗಾಗಿ ಒತ್ತಾಡುವ ಸ್ಕ್ರಮ್ ಕಟ್ಟುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಬಿಡಿಸಬೇಕಾ, ಆಡಲು ಬಿಡಬೇಕಾ? ಇದರಲ್ಲಿ ನಿಜವಾಗಿ ಒಂದು ಬದುಕು ಇದೆಯಾ?

ಉತ್ತರ: ಎಲ್ಲಕ್ಕಿಂತ ಮೊದಲು ಆ ಕೈಯ ವಿಷಯ. ಉಳಿದದ್ದೆಲ್ಲ ಕಾಯುತ್ತದೆ, ಇದು ಕಾಯುವುದಿಲ್ಲ.

ನೀವು ನರ್ಸ್, ಅರ್ಧ ನಿಮಗೇ ಗೊತ್ತಿರುತ್ತದೆ. ಭುಜ ಕೆಳಕ್ಕೆ ಒತ್ತಿ ತಲೆ ಇನ್ನೊಂದು ಕಡೆ ವಾಲಿದಾಗ, ಕತ್ತಿನಿಂದ ಕೈಗೆ ಇಳಿಯುವ ನರಗಳ ಕಟ್ಟು ಜಗ್ಗುತ್ತದೆ. ಕೆಲವು ಸಲ ಕತ್ತಿನ ಮೂಳೆಗಳ ಸಂದಿಯಲ್ಲೇ ನರ ಹಿಸುಕಿದ ಹಾಗಾಗುತ್ತದೆ. ಕರೆಂಟ್ ಹೊಡೆದಂತೆ ಕೈ ಜುಮ್ ಅನ್ನುತ್ತದೆ, ಉರಿಯುತ್ತದೆ, ಸ್ವಲ್ಪ ಹೊತ್ತು ಕೈಯಲ್ಲಿ ಬಲ ಇರುವುದಿಲ್ಲ. ಆಟಗಾರರು ಇದನ್ನು ಸ್ಟಿಂಗರ್ ಅನ್ನುತ್ತಾರೆ. ರಗ್ಬಿಯಲ್ಲಿ ಇದು ಅಪರೂಪವಲ್ಲ. ಒಂದೇ ಕೈಗೆ ಬಂದು, ನಿಮಿಷಗಳಲ್ಲಿ ಹೋಗಿ, ಕತ್ತು ಎಲ್ಲ ಕಡೆ ನೋವಿಲ್ಲದೆ ತಿರುಗುತ್ತಿದ್ದು, ಎರಡೂ ಕೈಯ ಬಲ ಸಮ ಇದ್ದರೆ ಬಹಳಷ್ಟು ಹುಡುಗರು ಮತ್ತೆ ಆಡುತ್ತಾರೆ. ಆದರೆ "ಸಮ ಇದೆ" ಅಂತ ಹೇಳಬೇಕಾದವನು ಅವನಲ್ಲ, ಪರೀಕ್ಷೆ ಮಾಡಿ ನೋಡಿದವರು.

ಈ ವಾರವೇ ನಿಮ್ಮ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಸ್ಕ್ರಮ್ ಬೇಡ, ಎದುರಾಳಿಯನ್ನು ಹಿಡಿದು ಬೀಳಿಸುವ ಟ್ಯಾಕಲ್ ಬೇಡ, ಜಿಮ್‌ನಲ್ಲಿ ಹೆಗಲ ಮೇಲೆ ಭಾರ ಹೊರುವುದೂ ಬೇಡ. ಜುಮ್ ಅಂದಿದ್ದು ಎರಡೂ ಕೈಗೆ ಅಂತಾದರೆ, ಕಾಲಿಗೂ ಬಂದಿದ್ದರೆ, ಕತ್ತಿನ ಹಿಂದೆ ನಟ್ಟನಡುವೆ ಮೂಳೆ ಒತ್ತಿದಾಗ ನೋವಿದ್ದರೆ, ಅಥವಾ ಇದು ಮೊದಲ ಸಲವೇ ಅಲ್ಲದಿದ್ದರೆ, ಎಂಆರ್‌ಐ ಆಗುವ ತನಕ ಮೈದಾನಕ್ಕೆ ಇಳಿಸಬೇಡಿ.

ಆ ಕೊನೆಯ ಮಾತಿಗೆ ನಾನು ಒತ್ತು ಕೊಡುವುದಕ್ಕೆ ಕಾರಣ ಇದೆ. ಫಿಸಿಯೋ ಆಗಿ ಐರ್ಲೆಂಡ್‌ಗೆ ಬಂದು 17 ವರ್ಷವಾಯಿತು. ಅದರಲ್ಲಿ ಬಹುಪಾಲು ಕ್ಲಬ್ ಮತ್ತು ಶಾಲಾ ಟೀಮ್‌ಗಳ ಜೊತೆ ಕಳೆದಿದ್ದೇನೆ. ಒಮ್ಮೆ 17 ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದರು. ಇವನೂ ಪ್ರಾಪ್. ತಾಯಿಗೆ ಅನುಮಾನ ಬಂದಿದ್ದು ಹೇಗೆ ಗೊತ್ತಾ? ಬಲಗೈಯವನು ಜಾಮ್ ಬಾಟಲಿಯ ಮುಚ್ಚಳ ಎಡಗೈಯಲ್ಲಿ ತಿರುಗಿಸುತ್ತಿದ್ದ. ಗೋಡೆಗೆ ಎರಡೂ ಅಂಗೈ ಇಟ್ಟು ತಳ್ಳು ಅಂದೆ. ಎಡಗೈ ನೆಟ್ಟಗೆ ನಿಂತಿತು. ಬಲ ಮೊಣಕೈ ಸಣ್ಣಗೆ ನಡುಗಿ, ತಾನೇ ತಾನಾಗಿ ಮಡಚಿಕೊಂಡಿತು. ಹುಡುಗ ನೆಲ ನೋಡುತ್ತಾ ನಿಂತ. ಆ ಸೀಸನ್‌ನಲ್ಲಿ ಅದು ನಾಲ್ಕನೇ ಸ್ಟಿಂಗರ್. ಮೊದಲ ಮೂರನ್ನು ಯಾರಿಗೂ ಹೇಳಿರಲಿಲ್ಲ, ಟೀಮಿನಲ್ಲಿ ಜಾಗ ಹೋಗುತ್ತದೆ ಅಂತ. ಕೈಗೆ ಬಲ ಪೂರ್ತಿ ಬರಲು ಎಂಟು ತಿಂಗಳು ಹಿಡಿಯಿತು. ಮೊದಲ ಸಲವೇ ಹೇಳಿದ್ದರೆ ಬಹುಶಃ ಮೂರು ವಾರದಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಆ ಆಣೆ ಮುರಿಯಿರಿ. ಬೆನ್ನ ಹಿಂದೆ ಬೇಡ. "ನಾನು ಕೋಚ್‌ಗೆ ಹೇಳುತ್ತೇನೆ, ನೀನೇ ಹೇಳಿದರೆ ಇನ್ನೂ ಒಳ್ಳೆಯದು" ಅಂತ ಅವನಿಗೆ ಮೊದಲೇ ತಿಳಿಸಿ. ಒಂದೆರಡು ದಿನ ಮುನಿಸಿಕೊಳ್ಳುತ್ತಾನೆ. ಪರವಾಗಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರೋಣ. ಕತ್ತು, ತೂಕ, ಓದು, ಈ ಮೂರು ಭಯ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಇದೆ.

ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಊರಲ್ಲಿರುವ ನಮ್ಮವರೆಲ್ಲ ಹೀಗೇ ಅಂದುಕೊಂಡಿರುತ್ತಾರೆ. ಪ್ರಾಪ್ ಅಂದರೆ ಆಸರೆ. ಗೊನೆ ಬಿಟ್ಟ ಬಾಳೆ ವಾಲದಂತೆ ಕೋಲು ಕೊಡುತ್ತೀವಲ್ಲ, ಅದೇ ಕೆಲಸ. ಸ್ಕ್ರಮ್‌ನಲ್ಲಿ ಒಂದೊಂದು ಕಡೆ ಎಂಟು ಜನ. ಮುಂದಿನ ಸಾಲಿನಲ್ಲಿ ಮೂವರು. ನಡುವೆ ಹುಕ್ಕರ್, ಆಚೀಚೆ ಇಬ್ಬರು ಪ್ರಾಪ್. ಎಡಗಡೆಯವನು 1ನೇ ನಂಬರಿನ ಲೂಸ್‌ಹೆಡ್, ಅವನ ತಲೆಯ ಎಡಬದಿ ಖಾಲಿ. ಬಲಗಡೆಯವನು 3ನೇ ನಂಬರಿನ ಟೈಟ್‌ಹೆಡ್. ಅವನ ತಲೆ ಎದುರಾಳಿಗಳಿಬ್ಬರ ನಡುವೆ ಸಿಕ್ಕಿಕೊಂಡಿರುತ್ತದೆ. ಎದುರಿನಿಂದ ಇಬ್ಬರು ಒತ್ತುತ್ತಾರೆ, ಹಿಂದಿನಿಂದ ತನ್ನವರು ತಳ್ಳುತ್ತಾರೆ. ನಡುವೆ ಇವನ ಬೆನ್ನು. ಹಳೆಯ ನಿಯಮದಲ್ಲಿ ದೊಡ್ಡ ಮಟ್ಟದ ಗಂಡಸರ ಎರಡು ಗುಂಪು ಡಿಕ್ಕಿ ಹೊಡೆಯುವ ಕ್ಷಣದಲ್ಲಿ ಒಂದೂವರೆ ಟನ್‌ಗಿಂತ ಜಾಸ್ತಿ ಭಾರಕ್ಕೆ ಸಮನಾದ ಒತ್ತಡ ಅಳೆದಿದ್ದಾರೆ. ಅಷ್ಟನ್ನು ತಾಳುವ ಕೆಲಸವನ್ನು ಸುಮ್ನೆ ದಪ್ಪ ಇರುವ ಹುಡುಗನ ಕೈಗೆ ಕೊಡಲು ಆಗುವುದಿಲ್ಲ.

1997ರ ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಸೇರಿ ಕಟ್ಟುವ ಲಯನ್ಸ್ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಐರ್ಲೆಂಡ್‌ನ ಪಾಲ್ ವಾಲೇಸ್ ಮೊದಲ ಪಟ್ಟಿಯಲ್ಲೇ ಇರಲಿಲ್ಲ. ಗಾಯಗೊಂಡ ಪೀಟರ್ ಕ್ಲೊಹೆಸಿ ಬದಲಿಗೆ ಸೇರಿದವರು. ಪ್ರಾಪ್‌ಗಳ ಲೆಕ್ಕದಲ್ಲಿ ಸಣ್ಣ ಆಳು. ಎದುರಿಗೆ ಆಸ್ ಡು ರಾಂಟ್, ಬೆಟ್ಟದಂಥ ಮನುಷ್ಯ. ವಾಲೇಸ್ ಮಾಡಿದ್ದು ಒಂದೇ, ಅವರ ಎದೆಯ ಕೆಳಗೆ ಇಳಿದು ಸ್ಕ್ರಮ್ ಕಟ್ಟಿದರು. ಎತ್ತರದ ಆಳು ಅಷ್ಟು ಕೆಳಗೆ ಬಗ್ಗಿ ತಳ್ಳಬೇಕಾದರೆ ಬೆನ್ನು ಬಿಲ್ಲಾಗುತ್ತದೆ, ಬಲ ಸೋರಿಹೋಗುತ್ತದೆ. ಲಯನ್ಸ್ ಸರಣಿಯನ್ನು 2–1ರಿಂದ ಗೆದ್ದರು. ತೂಕಕ್ಕಿಂತ ಸೊಂಟದ ಎತ್ತರ, ಪಾದ ಊರುವ ಜಾಗ, ಚಪ್ಪಟೆ ಬೆನ್ನು ಹೆಚ್ಚು ಕೆಲಸ ಮಾಡುತ್ತವೆ ಅನ್ನುವುದಕ್ಕೆ ನಾನು ಹುಡುಗರಿಗೆ ಇವತ್ತಿಗೂ ಈ ಕಥೆಯನ್ನೇ ಹೇಳುತ್ತೇನೆ.

ನಾನು ಧಾರವಾಡದವನು. ಚಿಕ್ಕಂದಿನಲ್ಲಿ ಅಜ್ಜ ಗರಡಿಗೆ ಕರೆದೊಯ್ಯುತ್ತಿದ್ದರು. ಉಸ್ತಾದರು ಹೊಸ ಹುಡುಗರನ್ನು ತಿಂಗಳುಗಟ್ಟಲೆ ಕುಸ್ತಿಯ ಜೋಡಿಗೇ ಬಿಡುತ್ತಿರಲಿಲ್ಲ. ದಂಡ, ಬಸ್ಕಿ, ಆಮೇಲೆ ಕತ್ತಿನ ಸಾಮು. ಒಬ್ಬ ತಲೆಯ ಹಿಂದೆ ಅಂಗೈ ಇಟ್ಟು ಒತ್ತಬೇಕು, ಇನ್ನೊಬ್ಬ ಕತ್ತು ಅಲ್ಲಾಡದ ಹಾಗೆ ತಡೆಯಬೇಕು. ಇಲ್ಲಿನ ಪ್ರಾಪ್‌ಗಳಿಗೆ ಇವತ್ತು ನಾವು ಮಾಡಿಸುವ ಕತ್ತಿನ ವ್ಯಾಯಾಮದಲ್ಲಿ ಮೊದಲನೆಯದು ಹೆಚ್ಚುಕಡಿಮೆ ಅದೇ. ನಿಮ್ಮ ಮಗ ವಾರಕ್ಕೆ ಎಷ್ಟು ಸಲ ಬೆಂಚ್ ಪ್ರೆಸ್ ಮಾಡುತ್ತಾನೆ ಅಂತ ಕೇಳಿ, ತಕ್ಷಣ ಹೇಳುತ್ತಾನೆ. ಕತ್ತಿಗೆ ಎಷ್ಟು ಸಲ ಅಂತ ಕೇಳಿ. ಎಷ್ಟೋ ಹುಡುಗರು ಆ ಪ್ರಶ್ನೆಗೆ ನನ್ನ ಮುಖ ನೋಡಿದ್ದಾರೆ.

ಇನ್ನು "ಕತ್ತು ಮುರಿಸೋ ಆಟ" ಅನ್ನುವ ಮಾತು. ಇದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಹಿಂದೆ ಸ್ಕ್ರಮ್ ಕುಸಿದು ಬೆನ್ನುಹುರಿಗೆ ಪೆಟ್ಟಾಗಿ ಜೀವನಪರ್ಯಂತ ಗಾಲಿಕುರ್ಚಿಗೆ ಬಿದ್ದವರಿದ್ದಾರೆ. ಅದಕ್ಕೇ ನಿಯಮ ಬದಲಾಯಿತು. ಮೊದಲು ಎರಡು ಸಾಲುಗಳು ದೂರದಿಂದ ಓಡಿಬಂದ ಟಗರುಗಳ ಹಾಗೆ ಗುದ್ದಿಕೊಳ್ಳುತ್ತಿದ್ದವು. 2007ರಲ್ಲಿ ಆ ದೂರ ಕಡಿಮೆ ಮಾಡಿದರು. 2013ರಿಂದ ಇನ್ನೂ ಬಿಗಿ ಮಾಡಿ, ಮೊದಲು ಬಗ್ಗಿ, ಆಮೇಲೆ ಎದುರಾಳಿಯ ಅಂಗಿ ಹಿಡಿದು, ಕೊನೆಗೆ ಕೂಡಿಕೊಳ್ಳಬೇಕು ಅಂತ ಮಾಡಿದರು. ಡಿಕ್ಕಿಯ ಹೊಡೆತ ಸುಮಾರು ಕಾಲುಭಾಗ ಇಳಿಯಿತು. 19 ವರ್ಷದೊಳಗಿನವರ ಸ್ಕ್ರಮ್‌ನಲ್ಲಿ ಒಂದೂವರೆ ಮೀಟರ್‌ಗಿಂತ ಜಾಸ್ತಿ ತಳ್ಳುವಂತಿಲ್ಲ. ಮುಂದಿನ ಸಾಲಿಗೆ ತರಬೇತಿ ಆದವರು ಸಾಕಷ್ಟು ಇಲ್ಲದಿದ್ದರೆ ತಳ್ಳಾಟವೇ ಇಲ್ಲದ ಸ್ಕ್ರಮ್ ಆಡಿಸಬೇಕು. ಹಾಗಾಗಿ ನಿಮ್ಮ ಮಗ ಆಡುತ್ತಿರುವ ಸ್ಕ್ರಮ್ ಅವನ ಕೋಚ್ ಹುಡುಗನಾಗಿದ್ದಾಗ ಆಡಿದ ಸ್ಕ್ರಮ್ ಅಲ್ಲ.

ಆದರೆ ನಿಜವಾದ ಅಪಾಯ ನೀವು ಕಣ್ಣು ಮುಚ್ಚಿಕೊಳ್ಳುವ ಆ ಹೊತ್ತಿನಲ್ಲಿ ಇರುವುದು ಕಡಿಮೆ, ನೀವು ಕಣ್ಣು ಬಿಟ್ಟು ನೋಡುವ ಹೊತ್ತಿನಲ್ಲಿ ಜಾಸ್ತಿ. ತಲೆಗೆ ಪೆಟ್ಟಾಗುವುದು ಹೆಚ್ಚಾಗಿ ಟ್ಯಾಕಲ್‌ನಲ್ಲಿ. ಹಿಡಿಯುವವನ ತಲೆ ತಪ್ಪಾದ ಕಡೆ ಇರುತ್ತದೆ, ಎದುರಾಳಿಯ ಸೊಂಟಕ್ಕೋ ಮೊಣಕಾಲಿಗೋ ಬಡಿಯುತ್ತದೆ. ಇಲ್ಲಿ ನಾನು ನಿಮಗೆ ಏನನ್ನೂ ಮುಚ್ಚಿಡುವುದಿಲ್ಲ. ಸ್ಕಾಟ್ಲೆಂಡ್ ಪರ ಆಡಿದ ಮಾಜಿ ಆಟಗಾರರ ಮೇಲೆ ಗ್ಲಾಸ್ಗೋದಲ್ಲಿ ನಡೆದ ಅಧ್ಯಯನ 2022ರಲ್ಲಿ ಹೊರಬಂತು. ಮಿದುಳು ಸವೆಯುವ ಕಾಯಿಲೆಗಳು ಅವರಲ್ಲಿ ಸಾಮಾನ್ಯ ಜನರಿಗಿಂತ ಸುಮಾರು ಎರಡೂವರೆ ಪಟ್ಟು ಜಾಸ್ತಿ ಇದ್ದವು. ಯಾವ ಜಾಗದಲ್ಲಿ ಆಡಿದರು ಅನ್ನುವುದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕ್ಕರ್ ಸ್ಟೀವ್ ಥಾಂಪ್ಸನ್‌ಗೆ 40ರ ಆಸುಪಾಸಿನಲ್ಲೇ ಮರೆವಿನ ಕಾಯಿಲೆ. ಆ ಕಪ್ ಗೆದ್ದ ದಿನ ಅವರಿಗೆ ನೆನಪೇ ಇಲ್ಲ. ಇವರೆಲ್ಲ ವರ್ಷಗಟ್ಟಲೆ ದೊಡ್ಡ ಮಟ್ಟದಲ್ಲಿ ಆಡಿದವರು, ಶಾಲಾ ಹುಡುಗರಿಗೆ ಅದೇ ಲೆಕ್ಕ ಹಿಡಿಯಲು ಆಗುವುದಿಲ್ಲ. ಆದರೂ ಪೆಟ್ಟು ಕೂಡಿಕೊಳ್ಳುತ್ತಾ ಹೋಗುತ್ತದೆ ಅನ್ನುವುದನ್ನು ಮರೆಯಬಾರದು.

ಐರ್ಲೆಂಡ್‌ನಲ್ಲಿ ಈಗ ಹವ್ಯಾಸಿ ಆಟದಲ್ಲಿ ಟ್ಯಾಕಲ್ ಎದೆಮೂಳೆಗಿಂತ ಕೆಳಗೇ ಇರಬೇಕು ಅಂತ ಮಾಡಿದ್ದಾರೆ, 2023ರ ಸೀಸನ್‌ನಿಂದ. ಕನ್ಕಷನ್, ಅಂದರೆ ತಲೆಗೆ ಪೆಟ್ಟಾಗಿ ಮಿದುಳು ಅಲುಗಿದ ಅನುಮಾನ ಬಂದ ಹುಡುಗ ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಮರಳಿ ಮ್ಯಾಚ್ ಆಡಲು ಮೂರು ವಾರಕ್ಕಿಂತ ಜಾಸ್ತಿ ಬೇಕು, ಹಂತ ಹಂತವಾಗಿ. ಅನುಮಾನ ಇದ್ದರೆ ಕೂರಿಸಿ, ಇಷ್ಟೇ ಮಂತ್ರ. ಸ್ಟಿಂಗರ್ ಮುಚ್ಚಿಟ್ಟ ಹುಡುಗ ನಾಳೆ ತಲೆಸುತ್ತನ್ನೂ ಮುಚ್ಚಿಡುತ್ತಾನೆ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಕಳವಳ ಕೊಟ್ಟಿದ್ದು ಆ ಜುಮ್ ಅಲ್ಲ, ಆ ಆಣೆ.

ಕತ್ತು ದಿಢೀರ್ ಮುರಿಯುವುದು ಈಗ ತೀರಾ ಅಪರೂಪ. ನಿಧಾನವಾಗಿ ಸವೆಯುವುದು ಮಾತ್ರ ಸಾಮಾನ್ಯ. ವರ್ಷಗಟ್ಟಲೆ ಮುಂದಿನ ಸಾಲಿನಲ್ಲಿ ಆಡಿದವರ ಕತ್ತಿನ ಡಿಸ್ಕ್‌ಗಳು ಅದೇ ವಯಸ್ಸಿನ ಬೇರೆಯವರಿಗಿಂತ ಬೇಗ ಸವೆದಿರುತ್ತವೆ. ಐರ್ಲೆಂಡ್‌ನ ಪ್ರಾಪ್ ಕಿಯನ್ ಹೀಲಿ ಹೆಸರು ನಿಮ್ಮ ಮಗನಿಗೆ ಗೊತ್ತಿರುತ್ತದೆ. 2015ರಲ್ಲಿ ಕತ್ತಿನ ತೊಂದರೆಯಿಂದ ಅವರ ಕೈಯ ನರಕ್ಕೆ ಪೆಟ್ಟಾಯಿತು, ಆಪರೇಷನ್ ಆಯಿತು, ಕೈಗೆ ಬಲವೇ ಬರಲಿಲ್ಲ. ಆಟ ನಿಲ್ಲಿಸುವ ಹಂತಕ್ಕೆ ಹೋಗಿದ್ದರು, ಆಗ 27 ವರ್ಷ. ಅದೇ ವರ್ಷ ವಿಶ್ವಕಪ್‌ಗೆ ಮರಳಿದರು. 2024ರ ನವೆಂಬರ್‌ನಲ್ಲಿ ಬ್ರಯನ್ ಓಡ್ರಿಸ್ಕಾಲ್ ದಾಖಲೆ ದಾಟಿ ಐರ್ಲೆಂಡ್ ಪರ ಅತಿ ಹೆಚ್ಚು ಪಂದ್ಯ ಆಡಿದವರಾದರು. 2025ರಲ್ಲಿ 137 ಪಂದ್ಯಗಳೊಂದಿಗೆ ಮುಗಿಸಿದರು. ಇದನ್ನು ನಿಮ್ಮ ಮಗ "ನೋಡಮ್ಮ, ವಾಪಸ್ ಬಂದ್ರಲ್ಲ" ಅಂತ ಓದುತ್ತಾನೆ. ನೀವು "ನೋಡು, ಕೈಯೇ ಹೋಗ್ತಿತ್ತು" ಅಂತ ಓದುತ್ತೀರಿ. ಎರಡೂ ಸರಿ. ಅವರ ಸುತ್ತ ಆಗ ದೇಶದ ಒಳ್ಳೆಯ ವೈದ್ಯರ ತಂಡವೇ ಇತ್ತು ಅನ್ನುವುದನ್ನು ಮಾತ್ರ ಅವನಿಗೆ ನೆನಪಿಸಿ. ಶಾಲಾ ಹುಡುಗನ ಸುತ್ತ ಇರುವುದು ತಾಯಿ.

ಇನ್ನು ಬದುಕಿನ ಪ್ರಶ್ನೆ. ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ: ಪ್ರಾಪ್ ತಡವಾಗಿ ಮಾಗುವ ಆಟಗಾರ. ಮೈದಾನದ ಅಂಚಿನಲ್ಲಿ ಓಡುವ ವಿಂಗರ್ 20ಕ್ಕೇ ಹೊಳೆಯಬಹುದು. ಪ್ರಾಪ್‌ನ ಕತ್ತು, ಬೆನ್ನು, ಸೊಂಟ ಗಟ್ಟಿಯಾಗಲು, ಎದುರಾಳಿ ಯಾವ ಕೋನದಲ್ಲಿ ಬರುತ್ತಾನೆ ಅಂತ ಮೈಗೇ ಗೊತ್ತಾಗಲು ವರ್ಷಗಳು ಬೇಕು. 16ಕ್ಕೆ ಯಾರೂ ಪ್ರಾಪ್ ಆಗಿರುವುದಿಲ್ಲ.

ಜಾನ್ ಹೇಯ್ಸ್ ಅವರನ್ನು ನೋಡಿ. ಲಿಮೆರಿಕ್‌ನ ಕ್ಯಾಪಮೋರ್ ಕಡೆಯ ರೈತ ಕುಟುಂಬ. ರಗ್ಬಿ ಚೆಂಡು ಹಿಡಿದಿದ್ದೇ 18 ದಾಟಿದ ಮೇಲೆ. ಮೊದಲು ಎರಡನೇ ಸಾಲಿನಲ್ಲಿ ಆಡಿ, ಆಮೇಲೆ ಮುಂದಿನ ಸಾಲಿಗೆ ಬಂದವರು. ಐರ್ಲೆಂಡ್‌ಗೆ ಮೊದಲ ಪಂದ್ಯ 2000ರ ಫೆಬ್ರವರಿಯಲ್ಲಿ, 26ನೇ ವಯಸ್ಸಿಗೆ. 2010ರಲ್ಲಿ ಐರ್ಲೆಂಡ್ ಪರ 100 ಪಂದ್ಯ ಮುಟ್ಟಿದ ಮೊದಲ ಆಟಗಾರ ಅವರೇ. ಒಟ್ಟು 105. 2011ರ ಡಿಸೆಂಬರ್‌ನಲ್ಲಿ, 38ಕ್ಕೆ, ಲಿಮೆರಿಕ್‌ನ ಥಾಮಂಡ್ ಪಾರ್ಕ್‌ನಲ್ಲಿ ಕೊನೆಯ ಪಂದ್ಯ ಆಡಿ ತಮ್ಮ ಹೊಲಮನೆಗೆ ವಾಪಸಾದರು. ಕಾರ್ಕ್‌ನ ಮೈಕ್ ರಾಸ್ ಇನ್ನೂ ತಡ. ಐರ್ಲೆಂಡ್‌ನಲ್ಲಿ ಕರೆ ಬರದೆ ಇಂಗ್ಲೆಂಡ್‌ಗೆ ಹೋಗಿ ಹಾರ್ಲಿಕ್ವಿನ್ಸ್‌ಗೆ ಆಡಿದರು. 2009ರಲ್ಲಿ 29ನೇ ವಯಸ್ಸಿಗೆ ಮೊದಲ ಪಂದ್ಯ. ಯುರೋಪಿನ ಆರು ದೇಶಗಳು ಪ್ರತಿವರ್ಷ ಆಡುವ ಸಿಕ್ಸ್ ನೇಷನ್ಸ್‌ನಲ್ಲಿ ಜಾಗ ಸಿಕ್ಕಿದ್ದು 31ಕ್ಕೆ. ಆದರೂ ಐರ್ಲೆಂಡ್ ಪರ ಒಟ್ಟು 61 ಪಂದ್ಯ ಆಡಿದರು.

ಮಗನ ಆರಾಧ್ಯದೈವ ಫರ್ಲಾಂಗ್ ಬೇಗ ಬಂದವರು, 2015ರಲ್ಲಿ 22ಕ್ಕೆ. ಆದರೆ ಅವರು ಬಂದ ದಾರಿ ನೋಡಿ. ಡಬ್ಲಿನ್‌ನ ದೊಡ್ಡ ಫೀಸಿನ ಶಾಲೆಗಳ ಕಪ್ ಪಂದ್ಯಗಳಿಂದಲ್ಲ, ವೆಕ್ಸ್‌ಫರ್ಡ್‌ನ ಹೊಲಮನೆಯಿಂದ, ನ್ಯೂ ರಾಸ್ ಎಂಬ ಸಣ್ಣ ಪಟ್ಟಣದ ಕ್ಲಬ್‌ನಿಂದ. 2017ರಲ್ಲಿ ನ್ಯೂಜಿಲೆಂಡ್, 2021ರಲ್ಲಿ ದಕ್ಷಿಣ ಆಫ್ರಿಕಾ, 2025ರಲ್ಲಿ ಆಸ್ಟ್ರೇಲಿಯಾ, ಲಯನ್ಸ್‌ನ ಮೂರು ಪ್ರವಾಸದ ಒಂಬತ್ತೂ ಟೆಸ್ಟ್‌ನಲ್ಲಿ ಶುರುವಿನಿಂದ 3ನೇ ನಂಬರಿನ ಅಂಗಿ ಅವರದ್ದೇ. ಒಂದು ಶಾಲೆಯ ಟೀಮಿನಲ್ಲಿ ಜಾಗ ತಪ್ಪಿದರೆ ಬಾಗಿಲು ಮುಚ್ಚಿತು ಅಂತ ನಿಮ್ಮ ಮಗ ಹೆದರಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಲೆಕ್ಕವನ್ನೂ ಹೇಳಬೇಕು. ಐರ್ಲೆಂಡ್‌ನಲ್ಲಿ ಸಂಬಳಕ್ಕೆ ರಗ್ಬಿ ಆಡಿಸುವ ಪ್ರಾಂತ್ಯಗಳು ನಾಲ್ಕು: ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್, ಕಾನಕ್ಟ್. ಒಂದು ಪಂದ್ಯಕ್ಕೆ 23 ಜನ, ಅದರಲ್ಲಿ ಪ್ರಾಪ್‌ಗಳು ನಾಲ್ವರು. ಅಂದರೆ ಒಂದು ವಾರಾಂತ್ಯದಲ್ಲಿ ಇಡೀ ದ್ವೀಪಕ್ಕೆ 16 ಜಾಗ. ಅದರಲ್ಲಿ ಟೈಟ್‌ಹೆಡ್‌ಗೆ ಎಂಟು. ಆ ಎಂಟಕ್ಕೆ ಹೊರಗಿನಿಂದ ಬಂದವರೂ ಪೈಪೋಟಿ ಕೊಡುತ್ತಾರೆ. ಕಾನಕ್ಟ್‌ನ ಫಿನ್ಲೆ ಬೀಲಮ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು.

ಹಾಗಂತ ಒಳ್ಳೆಯ ಟೈಟ್‌ಹೆಡ್ ಬೆಲೆ ಏನು ಅನ್ನುವುದು ಈ ದೇಶಕ್ಕೆ ಒಂದು ದಿನ ಚೆನ್ನಾಗಿ ಅರ್ಥವಾಯಿತು. 2012ರ ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ಸ್ ಡೇ, ಲಂಡನ್‌ನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಐರ್ಲೆಂಡ್. ಮೊದಲರ್ಧ ಮುಗಿಯುವ ಮೊದಲೇ ಮೈಕ್ ರಾಸ್ ಕತ್ತು ಹಿಡಿದುಕೊಂಡು ಹೊರನಡೆದರು. ಬೆಂಚ್ ಮೇಲೆ ಇದ್ದ ಪ್ರಾಪ್ ಒಬ್ಬರೇ, ಟಾಮ್ ಕೋರ್ಟ್, ಲೂಸ್‌ಹೆಡ್ ಆಡುವವರು. ಅವರೇ ಆ ಕಡೆಗೆ ಹೋಗಬೇಕಾಯಿತು. ಮಳೆ ಸುರಿಯುತ್ತಿತ್ತು. ಇಂಗ್ಲೆಂಡ್ ಮತ್ತೆ ಮತ್ತೆ ಸ್ಕ್ರಮ್ ಕಟ್ಟಿ ತಳ್ಳಿತು, ಪೆನಾಲ್ಟಿ ಟ್ರೈ (ಎದುರಾಳಿಯ ತಪ್ಪಿಗೆ ರೆಫರಿ ಕೊಡುವ ಅಂಕ) ಕೂಡ ಸಿಕ್ಕಿತು, 30–9ರಿಂದ ಗೆದ್ದಿತು. ಕೋರ್ಟ್ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಬಲಗೈಯಲ್ಲಿ ಬರೆಯುವವನಿಗೆ ಪರೀಕ್ಷೆಯ ದಿನ ಎಡಗೈಯಲ್ಲಿ ಬರಿ ಅಂದ ಹಾಗಾಗಿತ್ತು. ಈಗ ಬೆಂಚ್ ಮೇಲೆ ಎಂಟು ಜನ, ಎರಡೂ ಕಡೆಗೆ ಒಬ್ಬೊಬ್ಬ ಪ್ರಾಪ್. ನಿಮ್ಮ ಮಗನ ಜಾಗಕ್ಕೆ ಬೇಡಿಕೆ ಇದೆ. ಜಾಗ ಮಾತ್ರ ಕಡಿಮೆ.

ಈಗ ಆ 12 ಕೆ.ಜಿ. ಇದಕ್ಕೆ ನನ್ನ ಉತ್ತರ ಬೇಡ ಅಂತಲೇ. 16ರ ಹುಡುಗ ಒಂದೇ ಸೀಸನ್‌ನಲ್ಲಿ ಅಷ್ಟು ತೂಕ ಏರಿಸಿದರೆ ಅದರಲ್ಲಿ ಮಾಂಸಖಂಡ ಸ್ವಲ್ಪ, ಕೊಬ್ಬು ಜಾಸ್ತಿ. ಅವನ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿವೆ. ಮೊಣಕಾಲು, ಸೊಂಟ ಆ ಭಾರ ಹೊತ್ತು ಓಡಬೇಕು. ಇನ್ನೊಂದು ಮಾತು ಇಲ್ಲಿನ ಕೋಚ್‌ಗಳಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ನಮ್ಮ ಜನರ ಮೈಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಬರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂರುತ್ತದೆ. ನಿಮ್ಮ ಅಥವಾ ಯಜಮಾನರ ಮನೆಯಲ್ಲಿ ಶುಗರ್, ಹೃದಯದ ತೊಂದರೆ ಇದ್ದರೆ ಜಿಪಿಗೆ ಹೇಳಿ, ಅವನ ರಕ್ತ ಪರೀಕ್ಷೆ ಮಾಡಿಸಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟಿದಂತಾಗುತ್ತದಾ, ಅದನ್ನೂ ಗಮನಿಸಿ. ದಪ್ಪ ಕತ್ತಿನ ಆಟಗಾರರಲ್ಲಿ ಈ ತೊಂದರೆ ನಾನು ಸಾಕಷ್ಟು ನೋಡಿದ್ದೇನೆ.

ಪುಡಿ ಡಬ್ಬ ಇವತ್ತೇ ಎತ್ತಿಡಿ. ಐರಿಷ್ ರಗ್ಬಿ ಒಕ್ಕೂಟವೇ 18ರೊಳಗಿನವರಿಗೆ ಸಪ್ಲಿಮೆಂಟ್ ಬೇಡ ಅನ್ನುತ್ತದೆ. ಡಬ್ಬದ ಮೇಲೆ ಬರೆದಿರುವುದೇ ಒಳಗೂ ಇದೆ ಅಂತ ಖಾತ್ರಿ ಇಲ್ಲ. ನಿಷೇಧಿತ ಪದಾರ್ಥ ಸಿಕ್ಕಿದರೆ "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ, ಮೈಯಲ್ಲಿ ಏನು ಸಿಕ್ಕರೂ ಹೊಣೆ ಆಟಗಾರನದ್ದೇ. ಮೊಟ್ಟೆ, ಮೀನು, ಮೊಸರು, ಬೇಳೆ, ಕಾಳು, ಹೊಟ್ಟೆ ತುಂಬ ಅನ್ನ, ಎಂಟೊಂಬತ್ತು ಗಂಟೆ ನಿದ್ದೆ. ಉಡುಪಿಯವರ ಮನೆಯಲ್ಲಿ ಮೀನಿಗೇನು ಬರ, ಅಲ್ವಾ? ವರ್ಷಕ್ಕೆ ಮೂರು ನಾಲ್ಕು ಕೆ.ಜಿ. ತಾನಾಗಿ ಬಂದರೆ ಸಾಕು. ಹೇಯ್ಸ್ 26ಕ್ಕೆ ಬಂದರು ಅನ್ನುವುದನ್ನು ಕೋಚ್‌ಗೂ ಧೈರ್ಯವಾಗಿ ಹೇಳಿ.

ಓದಿನ ವಿಷಯದಲ್ಲಿ ಯಜಮಾನರ ಚಿಂತೆ ಸರಿಯೇ, ಪರಿಹಾರ ಮಾತ್ರ ಬೇರೆ. ಇದು ಆಟವೋ ಓದೋ ಅನ್ನುವ ಪ್ರಶ್ನೆಯೇ ಅಲ್ಲ. ಅಕಾಡೆಮಿ ಸೇರಿದ ಹುಡುಗರಲ್ಲೂ ಕಾಲೇಜಿಗೆ ಹೋಗುವವರೇ ಹೆಚ್ಚು. ಆಟಗಾರರ ಸಂಘ, ರಗ್ಬಿ ಪ್ಲೇಯರ್ಸ್ ಐರ್ಲೆಂಡ್, ಓದು ಮತ್ತು ಮುಂದಿನ ಉದ್ಯೋಗಕ್ಕೆ ದಾರಿ ತೋರಿಸಲು ಬೇರೆ ಜನರನ್ನೇ ಇಟ್ಟಿದೆ, ಯಾಕೆಂದರೆ ಒಂದು ಗಾಯ ಎಲ್ಲವನ್ನೂ ನಿಲ್ಲಿಸಬಹುದು. ಕರಾರು ಒಂದೆರಡು ವರ್ಷಕ್ಕೆ ಇರುತ್ತದೆ, ಮನೆ ಸಾಲ 30 ವರ್ಷಕ್ಕೆ.

ನಿಮ್ಮ ವೃತ್ತಿಯವರೇ ಒಬ್ಬರಿದ್ದಾರೆ, ಲಿಂಡಾ ಜುಗಾಂಗ್. ಕ್ಯಾಮರೂನ್‌ನಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೆ ಐರ್ಲೆಂಡ್‌ಗೆ ಬಂದವರು. ಟ್ರಿನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದಿ, ಡಬ್ಲಿನ್‌ನ ಟಾಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ 2019ರಿಂದ ಐರ್ಲೆಂಡ್ ಮಹಿಳಾ ತಂಡಕ್ಕೆ ಪ್ರಾಪ್ ಆಗಿ ಆಡಿದವರು. ಕೋವಿಡ್ ಕಾಲದಲ್ಲೂ ವಾರ್ಡಿನಲ್ಲಿದ್ದರು. 12 ಗಂಟೆಯ ಡ್ಯೂಟಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಅವರ ಬಗ್ಗೆ ಮಗನ ಜೊತೆ ಕೂತು ಓದಿ.

ಹಾಗಾದರೆ ನಿಮ್ಮ ಮುಂದೆ ಏನಿದೆ? ಪೂರ್ತಿ ಬಿಡಿಸಬಹುದು. ಕತ್ತು, ತಲೆಯ ಅಪಾಯ ನಿಲ್ಲುತ್ತದೆ. ಆದರೆ 16ರ ಹುಡುಗನಿಂದ ಟೀಮು, ಗೆಳೆಯರು, ದಿನದ ಶಿಸ್ತು ಒಟ್ಟಿಗೆ ಕಿತ್ತುಕೊಂಡ ಹಾಗಾಗುತ್ತದೆ, ಆ 98 ಕೆ.ಜಿ. ಸೋಫಾ ಮೇಲೆ 110 ಆಗುವುದೂ ಉಂಟು. ಪರೀಕ್ಷೆಯಲ್ಲಿ ನರದ ದೌರ್ಬಲ್ಯ ಕಂಡರೆ ಅಥವಾ ಎಂಆರ್‌ಐನಲ್ಲಿ ಬೆನ್ನುಹುರಿಯ ನಾಳ ಇಕ್ಕಟ್ಟಾಗಿದೆ ಅಂತ ಬಂದರೆ ಮಾತ್ರ ಯೋಚನೆಯೇ ಬೇಡ, ಬಿಡಿಸಿ. ಅಂಥ ಮಾತನ್ನು ನಾನೇ ಕೆಲವು ಮನೆಗಳಿಗೆ ಹೇಳಿದ್ದೇನೆ, ಹುಡುಗರು ಅತ್ತಿದ್ದಾರೆ, ಆದರೂ ಹೇಳಲೇಬೇಕಾಗಿತ್ತು.

ಜಾಗ ಬದಲಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಲೂಸ್‌ಹೆಡ್‌ಗೆ ಹೋದರೆ ಕತ್ತಿನ ಮೇಲಿನ ಒತ್ತಡದ ರೀತಿ ಬದಲಾಗುತ್ತದೆ, ಟ್ಯಾಕಲ್‌ನ ಅಪಾಯ ಬದಲಾಗುವುದಿಲ್ಲ. ಆದರೆ 16ಕ್ಕೆ ಒಂದೇ ಜಾಗಕ್ಕೆ ಕಟ್ಟಿಹಾಕಬಾರದು ಅನ್ನುವುದು ಸರಿ. ಆಂಡ್ರ್ಯೂ ಪೋರ್ಟರ್ 20ರೊಳಗಿನವರ ತಂಡದಲ್ಲಿ ಲೂಸ್‌ಹೆಡ್ ಆಗಿದ್ದು, ಟೈಟ್‌ಹೆಡ್‌ಗೆ ಹೋಗಿ, 2021ರಲ್ಲಿ ಮತ್ತೆ ಲೂಸ್‌ಹೆಡ್‌ಗೆ ಬಂದವರು. ಈಗ ಐರ್ಲೆಂಡ್‌ನ ಮುಖ್ಯ ಆಟಗಾರ.

ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ದರೆ ನಾನಾಗಿದ್ದರೆ ಆಡಿಸುತ್ತಿದ್ದೆ. ಅಕಾಡೆಮಿ ಬೆನ್ನು ಹತ್ತಿಸದೆ, ಈ ಎರಡು ವರ್ಷ ಶಾಲೆಯ ಆಟ, ಕತ್ತಿನ ವ್ಯಾಯಾಮ ವಾರಕ್ಕೆ ಎರಡು ಸಲ, ಲೀವಿಂಗ್ ಸರ್ಟ್‌ಗೆ ಪೂರ್ತಿ ಓದು. ಒಂದು ಷರತ್ತು ಹಾಕಿ: ಜುಮ್ ಅಂದರೂ, ತಲೆ ಸುತ್ತಿದರೂ ಅದೇ ದಿನ ಹೇಳಬೇಕು, ಒಂದು ಸಲ ಮುಚ್ಚಿಟ್ಟರೆ ಆ ಸೀಸನ್ ಮುಗಿಯಿತು. ಈ ಷರತ್ತಿಗೆ ಯಜಮಾನರೂ ಒಪ್ಪುತ್ತಾರೆ ಅಂದುಕೊಳ್ಳುತ್ತೇನೆ. ಇದರಲ್ಲೂ ಅಪಾಯ ಸೊನ್ನೆ ಇಲ್ಲ. ನಾನು ಒಪ್ಪಿಕೊಳ್ಳಬಹುದಾದ ಅಪಾಯ ಇದು. ನಿಮಗೆ ಒಪ್ಪಲು ಆಗದಿದ್ದರೆ ಅದೂ ತಪ್ಪಲ್ಲ.

ಅವನು ಮತ್ತೆ ಆಡಲು ಇಳಿದ ಮೇಲೆ, ದಯವಿಟ್ಟು ಕಣ್ಣು ಮುಚ್ಚಿಕೊಳ್ಳಬೇಡಿ. ಸೈಡ್‌ಲೈನ್‌ನಲ್ಲಿ ಅವನು ಇರುವ ಬಲಗಡೆಗೆ ಬಂದು ನಿಂತು ನೋಡಿ. ಸ್ಕ್ರಮ್ ಕೂಡಿದಾಗ ಅವನ ಬೆನ್ನು ಊಟದ ಮೇಜಿನಂತೆ ಚಪ್ಪಟೆ ಇದೆಯಾ? ತಲೆ, ಭುಜ ಸೊಂಟಕ್ಕಿಂತ ಕೆಳಗೆ ಹೋಗುತ್ತಿಲ್ಲ ತಾನೇ? ಗದ್ದ ಎದೆಗೆ ಮಡಚಿಕೊಳ್ಳದೆ, ಕಣ್ಣು ಮುಂದಕ್ಕೆ ಇದೆಯಾ? ಇಷ್ಟು ಸರಿ ಇದ್ದರೆ ಅವನಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಬೆನ್ನು ಗೂನಾಗುತ್ತಿದ್ದರೆ, ಸ್ಕ್ರಮ್ ಮತ್ತೆ ಮತ್ತೆ ಕುಸಿಯುತ್ತಿದ್ದರೆ, ಮ್ಯಾಚ್ ಮುಗಿದ ಮೇಲೆ ಕೋಚ್ ಹತ್ತಿರ ಹೋಗಿ ಕೇಳಿ. ತಾಯಂದಿರು ಕೇಳುವುದನ್ನು ಒಳ್ಳೆಯ ಕೋಚ್ ಬೇಸರ ಮಾಡಿಕೊಳ್ಳುವುದಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವನನ್ನು ಒಂದೇ ಪ್ರಶ್ನೆ ಕೇಳಿ, ಬೈಯದೆ: "ಕೈ ಜುಮ್ ಅಂದಿದ್ದು ಅದೇ ಮೊದಲ ಸಲಾನಾ?" ಅವನು ಏನು ಹೇಳಿದ ಅಂತ ನನಗೆ ಬರೆಯಿರಿ.